ಮುಗಿದ ಪ್ರಶ್ನೆಯನ್ನು ಮತ್ತೆ ತೆರೆಯುವುದು ಯಾವಾಗ? ಕಿಲ್ಲಾರಿ ಭೂಕಂಪ ಕಲಿಸಿದ ಪಾಠ

"ಇಂದು ರಾತ್ರಿ ದೊಡ್ಡ ಭೂಕಂಪ ಆಗಲಿದೆ. ನಾಸಾ ತಿಳಿಸಿದೆ. ಎಲ್ಲರೂ ಮನೆಯಿಂದ ಹೊರಗೆ ಮಲಗಿ. ಈ ಮೆಸೇಜನ್ನು ನಿಮ್ಮ ಎಲ್ಲಾ ಗ್ರೂಪ್‌ಗಳಿಗೆ ಕಳುಹಿಸಿ."

ಎಲ್ಲಾದರೂ ನೆಲ ಸ್ವಲ್ಪ ನಡುಗಿದರೆ ಸಾಕು, ಇಂತಹ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡಲು ಶುರುವಾಗುತ್ತದೆ. ಇದಕ್ಕೆ ನಮ್ಮ ಉತ್ತರ ಪ್ರತಿ ಸಲವೂ ಒಂದೇ: ಭೂಕಂಪದ ದಿನ, ಗಂಟೆಯನ್ನು ಮೊದಲೇ ಹೇಳುವ ವಿಧಾನ ಯಾರ ಬಳಿಯೂ ಇಲ್ಲ, ಸಂದೇಶ ಸುಳ್ಳು.

ಆದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಓದುಗರು ಇಲ್ಲಿ ಒಂದು ಮರುಪ್ರಶ್ನೆ ಕೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. "ನಮ್ಮ ಕಡೆ ಭೂಕಂಪದ ಅಪಾಯ ತೀರಾ ಕಡಿಮೆ ಅಂತ ಮೊದಲು ವಿಜ್ಞಾನಿಗಳೇ ಹೇಳಿದ್ದರು. ಆಮೇಲೆ ಕಿಲ್ಲಾರಿ ಆಯಿತು. ಅಂದು ತಪ್ಪಿದ್ದವರು ಇಂದು ತಪ್ಪುವುದಿಲ್ಲ ಎಂದು ಹೇಗೆ ನಂಬುವುದು?"

ಇದು ನ್ಯಾಯವಾದ ಪ್ರಶ್ನೆ. "ಈ ವಿಷಯ ಮುಗಿದಿದೆ" ಎಂದು ಹೇಳುವವರು, ಅದನ್ನು ಮತ್ತೆ ಯಾವಾಗ ತೆರೆಯುತ್ತೇವೆ ಎಂಬುದನ್ನೂ ಹೇಳಬೇಕು.

ಚಿಕ್ಕದಾಗಿ ಹೇಳುವುದಾದರೆ

- ಹಳೆಯ ಹೇಳಿಕೆ ಹೊಸ ದಿನಾಂಕದೊಂದಿಗೆ ಬಂದರೆ ಅದು ಹೊಸ ಆಧಾರವಲ್ಲ. ಅದಕ್ಕಾಗಿ ಮುಗಿದ ಪ್ರಶ್ನೆಯನ್ನು ತೆರೆಯಬೇಕಿಲ್ಲ.
- ಹಳೆಯ ಉತ್ತರ ಯಾವ ಆಧಾರದ ಮೇಲೆ ನಿಂತಿತ್ತೋ ಆ ಆಧಾರವನ್ನೇ ಅಲುಗಿಸುವ ಹೊಸ ಸಂಗತಿ ಬಂದರೆ ಪ್ರಶ್ನೆಯನ್ನು ತೆರೆಯಲೇಬೇಕು.
- "ಇಲ್ಲಿ ಭೂಕಂಪ ಆಗಬಹುದೇ?" ಎಂಬ ಪ್ರಶ್ನೆಯನ್ನು ವಿಜ್ಞಾನ ಮತ್ತೆ ತೆರೆದು ಉತ್ತರ ಬದಲಿಸಿದೆ. "ಇಂದು ರಾತ್ರಿ ಆಗುತ್ತದೆಯೇ?" ಎಂಬುದು ಬೇರೆಯೇ ಪ್ರಶ್ನೆ.
- ದಿನಾಂಕ ಗೊತ್ತಿಲ್ಲದಿದ್ದರೂ ಮನೆಯನ್ನು ಗಟ್ಟಿ ಮಾಡಿಕೊಳ್ಳಬಹುದು. ಜೀವ ಉಳಿಸುವುದು ಅದೇ.

ಕಿಲ್ಲಾರಿಯಲ್ಲಿ ಆಗಿದ್ದೇನು?

1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ಗಣೇಶನ ವಿಸರ್ಜನೆ ಮುಗಿಸಿ ಜನ ಗಾಢ ನಿದ್ರೆಯಲ್ಲಿದ್ದರು. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಬಳಿ 6.2 ತೀವ್ರತೆಯ ಭೂಕಂಪವಾಯಿತು. ಲಾತೂರ್ ಮತ್ತು ಆಗಿನ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು 10 ಸಾವಿರ ಜನ ಸತ್ತರು. 50ಕ್ಕೂ ಹೆಚ್ಚು ಹಳ್ಳಿಗಳು ನೆಲಸಮವಾದವು. ಕಂಪನ ಬೆಂಗಳೂರು, ಮುಂಬಯಿ, ಹೈದರಾಬಾದ್, ಮದ್ರಾಸ್‌ವರೆಗೂ ತಿಳಿಯಿತು.

ಭೂಪಟದಲ್ಲಿ ನೋಡಿ: ಆಳಂದದಿಂದ ಕಿಲ್ಲಾರಿಗೆ ನೇರ ರೇಖೆಯಲ್ಲಿ 50–60 ಕಿ.ಮೀ. ಅಷ್ಟೇ. ಮಾದನಹಿಪ್ಪರಗಾ ಹೋಬಳಿಯ ಹಳ್ಳಿಗಳಿಗೂ ಕಿಲ್ಲಾರಿಗೂ ನಡುವೆ ಇರುವುದು ಒಂದು ರಾಜ್ಯದ ಗಡಿ. ನೆಲ ಮಾತ್ರ ಒಂದೇ ಬಗೆಯದು, ಮೇಲೆ ಕಪ್ಪು ಮಣ್ಣು, ಕೆಳಗೆ ದಖ್ಖನ್‌ನ ಕಪ್ಪು ಕಲ್ಲು. ಮನೆ ಕಟ್ಟುವ ಪದ್ಧತಿಯೂ ಹೆಚ್ಚುಕಡಿಮೆ ಒಂದೇ: ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಮಣ್ಣು ಹೊದಿಸಿದ ಮಾಳಿಗೆ.

ಭೂಕಂಪದ ಅಪಾಯವನ್ನು ಸೂಚಿಸಲು ದೇಶವನ್ನು ವಲಯಗಳಾಗಿ ಹಂಚಿದ ಸರ್ಕಾರಿ ನಕ್ಷೆಯೊಂದಿದೆ. ಕಟ್ಟಡ ಕಟ್ಟುವವರಿಗೆ ಅದೇ ಮಾನದಂಡ. 1993ರಲ್ಲಿ ಜಾರಿಯಲ್ಲಿದ್ದ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ವಲಯ 1ರಲ್ಲಿ, ಅಂದರೆ ಅತಿ ಕಡಿಮೆ ಅಪಾಯದ ವಲಯದಲ್ಲಿ.

ಆ ಉತ್ತರ ಯಾಕೆ ತಪ್ಪಾಯಿತು?

ದಕ್ಷಿಣದ ಪ್ರಸ್ಥಭೂಮಿ ಬಹಳ ಹಳೆಯ, ಗಟ್ಟಿ ಬಂಡೆಯ ನೆಲ. ಭೂಮಿಯ ದೊಡ್ಡ ಫಲಕಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗ ಇಲ್ಲಿಲ್ಲ, ಅದು ಹಿಮಾಲಯದಲ್ಲಿದೆ. ಹೆಚ್ಚಿನ ದೊಡ್ಡ ಭೂಕಂಪಗಳು ಆಗುವುದೂ ಅಂತಹ ಅಂಚುಗಳಲ್ಲೇ. ಜೊತೆಗೆ ಈ ಭಾಗದಲ್ಲಿ ದೊಡ್ಡ ಭೂಕಂಪದ ದಾಖಲೆಯೂ ಇರಲಿಲ್ಲ. "ಹಳೆಯ ನೆಲ, ದಾಖಲೆ ಇಲ್ಲ, ಆದ್ದರಿಂದ ಅಪಾಯ ತೀರಾ ಕಡಿಮೆ" ಎಂಬ ತೀರ್ಮಾನ ಆ ಕಾಲದ ಮಾಹಿತಿಗೆ ಹೊಂದುತ್ತಿತ್ತು.

ಇದರಲ್ಲಿ ದುರ್ಬಲ ಕೊಂಡಿ ಎರಡನೆಯದು. ಭಾರತದಲ್ಲಿ ಭೂಕಂಪ ಅಳೆಯುವ ಉಪಕರಣ ಬಂದದ್ದೇ 1898ರಲ್ಲಿ, ಕಲ್ಕತ್ತಾದ ಆಲಿಪುರದಲ್ಲಿ. ಹಳೆಯ ಬಂಡೆಗಳ ನಡುವೆ ಒತ್ತಡ ಬಹಳ ನಿಧಾನವಾಗಿ ಸೇರುತ್ತದೆ. ಒಂದು ಜಾಗದಲ್ಲಿ ಎರಡು ದೊಡ್ಡ ಭೂಕಂಪಗಳ ನಡುವೆ ಸಾವಿರಾರು ವರ್ಷಗಳೇ ಕಳೆಯಬಹುದು. ಅಂತಹ ನೆಲವನ್ನು ನೂರು ವರ್ಷದ ದಾಖಲೆಯಿಂದ ಅಳೆಯುವುದೆಂದರೆ, ಒಂದು ವಾರ ಮಳೆ ಬಾರದ್ದನ್ನು ನೋಡಿ "ಈ ಊರಿಗೆ ಮಳೆಯೇ ಇಲ್ಲ" ಎಂದಂತೆ. ದಾಖಲೆ ಇಲ್ಲ ಎಂದ ಮಾತ್ರಕ್ಕೆ ಘಟನೆಯೇ ನಡೆದಿಲ್ಲ ಎಂದಾಗುವುದಿಲ್ಲ.

ಭಾರತದ ಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರ್‌ಗಳಂತೆ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿದೆ. ಆ ಒತ್ತಡ ಹಿಮಾಲಯದಲ್ಲೇ ನಿಲ್ಲದೆ ಫಲಕದ ಒಳಭಾಗಕ್ಕೂ ಹರಡುತ್ತದೆ. ಹಳೆಯ ಬಂಡೆಯಲ್ಲಿ ಮೊದಲೇ ಇದ್ದ ಬಿರುಕುಗಳು ಎಂದೋ ಒಂದು ದಿನ ಜಾರುತ್ತವೆ. ಈ ಕಡೆ ಅಂತಹ ಬಿರುಕುಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಕಲ್ಲಿನಡಿ ಮುಚ್ಚಿಹೋಗಿವೆ, ಮೇಲಿನಿಂದ ಕಾಣುವುದಿಲ್ಲ. ಭೂಕಂಪದ ನಂತರ ಕಿಲ್ಲಾರಿಯಲ್ಲಿ 617 ಮೀಟರ್ ಆಳಕ್ಕೆ ಕೊಳವೆ ಕೊರೆದಾಗ ಮೇಲಿನ 338 ಮೀಟರ್ ಲಾವಾ ಕಲ್ಲೇ ಸಿಕ್ಕಿತು. ಹಳೆಯ ಗ್ರಾನೈಟ್ ಬಂಡೆ ಅದಕ್ಕೂ ಕೆಳಗಿತ್ತು.

ಪ್ರಶ್ನೆಯನ್ನು ಮತ್ತೆ ತೆರೆದದ್ದು ಹೇಗೆ?

ನಕ್ಷೆ ಬದಲಾಗಿದ್ದು ಕಿಲ್ಲಾರಿಯ ನಂತರ ಮಾತ್ರವಲ್ಲ. ಮೂರು ಘಟ್ಟಗಳನ್ನು ನೋಡೋಣ.

ಮೊದಲನೆಯದು ಕೊಯ್ನಾ. 1960ರ ದಶಕದ ಆರಂಭದ ನಕ್ಷೆಯಲ್ಲಿ "ಸೊನ್ನೆ ವಲಯ" ಎಂಬುದೇ ಇತ್ತು. ದಖ್ಖನ್‌ನ ಬಹುಭಾಗ ಅದರಲ್ಲಿತ್ತು. 1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ 6.3ರಷ್ಟು ತೀವ್ರತೆಯ ಭೂಕಂಪವಾಗಿ 170ಕ್ಕೂ ಹೆಚ್ಚು ಜನ ಸತ್ತರು. 1970ರಲ್ಲಿ ನಕ್ಷೆ ಪರಿಷ್ಕರಣೆಯಾದಾಗ ಸೊನ್ನೆ ವಲಯವನ್ನೇ ಕೈಬಿಡಲಾಯಿತು. ದೇಶದ ಯಾವ ಭಾಗಕ್ಕೂ "ಅಪಾಯ ಸೊನ್ನೆ" ಎಂದು ಹೇಳಲಾಗದು ಎಂಬ ತಿಳಿವಳಿಕೆ ಬಂದದ್ದು ಆಗ. ಆದರೆ ಕೊಯ್ನಾದಲ್ಲಿ 1962ರಿಂದ ದೊಡ್ಡ ಜಲಾಶಯ ತುಂಬಿತ್ತು, ಭೂಕಂಪವನ್ನು ಕೆರಳಿಸಿದ್ದು ಆ ನೀರಿನ ಭಾರ ಮತ್ತು ಒತ್ತಡ ಎಂದು ಗುರುತಿಸಲಾಯಿತು. ಹೀಗಾಗಿ ಅದನ್ನು ವಿಶೇಷ ಪ್ರಕರಣವಾಗಿ ನೋಡಲು ಅವಕಾಶವಿತ್ತು.

ಎರಡನೆಯದು ಕಿಲ್ಲಾರಿ. 2002ರಲ್ಲಿ ಮತ್ತೆ ಬಂದ ಪರಿಷ್ಕೃತ ನಕ್ಷೆಯಲ್ಲಿ ವಲಯ 1 ಎಂಬುದೇ ಉಳಿಯಲಿಲ್ಲ, ಅದನ್ನು ವಲಯ 2ರೊಂದಿಗೆ ಸೇರಿಸಲಾಯಿತು. ಕಿಲ್ಲಾರಿ ಪ್ರದೇಶ ವಲಯ 3ಕ್ಕೆ ಏರಿತು.

ಮೂರನೆಯದು ನಮ್ಮ ಬಳ್ಳಾರಿ, ಇದು ಹೆಚ್ಚು ಜನರಿಗೆ ಗೊತ್ತಿಲ್ಲ. 1843ರಲ್ಲಿ ಭೂಕಂಪ ಕಂಡಿದ್ದ ಬಳ್ಳಾರಿಯ ಸುತ್ತ ಹಳೆಯ ನಕ್ಷೆಯಲ್ಲಿ ಹೆಚ್ಚಿನ ಅಪಾಯದ ಒಂದು ಪ್ರತ್ಯೇಕ ದ್ವೀಪದಂತಹ ವಲಯವಿತ್ತು. 2002ರ ಅದೇ ಪರಿಷ್ಕರಣೆಯಲ್ಲಿ ಅದನ್ನು ತೆಗೆಯಲಾಯಿತು. ಅಂದರೆ ಪ್ರಶ್ನೆಯನ್ನು ಮತ್ತೆ ತೆರೆದಾಗಲೆಲ್ಲ "ಅಪಾಯ ಹೆಚ್ಚು" ಎಂಬ ಉತ್ತರವೇ ಬರಬೇಕೆಂದಿಲ್ಲ, ಕಿಲ್ಲಾರಿ ಮೇಲೇರಿದ ಪರಿಷ್ಕರಣೆಯಲ್ಲೇ ಬಳ್ಳಾರಿ ಕೆಳಗಿಳಿಯಿತು.

ಮೂರೂ ಬದಲಾವಣೆಗಳಲ್ಲಿ ಒಂದು ಸಮಾನ ಅಂಶವಿದೆ. ಯಾರೋ ಜೋರಾಗಿ ಕೂಗಿದರು ಎಂದು, ಅಥವಾ ಅದೇ ಮಾತನ್ನು ನೂರು ಸಲ ಹೇಳಿದರು ಎಂದು ನಕ್ಷೆ ಬದಲಾಗಲಿಲ್ಲ. ಅಳೆಯಬಹುದಾದ ಹೊಸ ಮಾಹಿತಿ ಬಂದು, ಅದನ್ನು ಹಳೆಯ ಮಾಹಿತಿಯ ಪಕ್ಕ ಇಟ್ಟು ನೋಡಿದ ಮೇಲೆ ಬದಲಾಯಿತು.

"ಹಾಗಾದರೆ ಇಂದು ರಾತ್ರಿಯ ಸಂದೇಶವನ್ನೂ ನಂಬಬೇಕಲ್ಲವೇ?"

ಇಲ್ಲ. ಇಲ್ಲಿ ಎರಡು ಪ್ರಶ್ನೆಗಳು ಒಂದಾಗಿ ಕಾಣುತ್ತಿವೆ. "ಈ ನೆಲದಲ್ಲಿ ಭೂಕಂಪ ಆಗಬಹುದೇ?" ಎಂಬುದು ಒಂದು. "ಇಂತಹ ದಿನ, ಇಂತಹ ಗಂಟೆಗೆ ಆಗುತ್ತದೆ ಎಂದು ಮೊದಲೇ ಹೇಳಬಹುದೇ?" ಎಂಬುದು ಇನ್ನೊಂದು. ವಿಜ್ಞಾನಿಗಳು ಮೊದಲನೆಯದರಲ್ಲಿ ತಪ್ಪಿದರು ಎಂಬ ಕಾರಣಕ್ಕೆ ಎರಡನೆಯದರಲ್ಲಿ ವಾಟ್ಸಾಪ್ ಸಂದೇಶ ಸರಿಯಾಗುವುದಿಲ್ಲ.

ಎರಡನೆಯ ಪ್ರಶ್ನೆಯನ್ನು ಯಾರೂ ನೋಡದೆ ಮುಚ್ಚಿಟ್ಟದ್ದಲ್ಲ. ಅದನ್ನು ಗಂಭೀರವಾಗಿ ತೆರೆದು ಪರೀಕ್ಷಿಸಿದ್ದಾರೆ.

1975ರ ಫೆಬ್ರವರಿ 4ರಂದು ಚೀನಾದ ಹೈಚೆಂಗ್‌ನಲ್ಲಿ ದೊಡ್ಡ ಭೂಕಂಪವಾಯಿತು. ಮೊದಲೇ ಸಾಲುಸಾಲಾಗಿ ಸಣ್ಣ ಕಂಪನಗಳು ಬಂದಿದ್ದರಿಂದ ಜನರನ್ನು ಮನೆಯಿಂದ ಹೊರಗೆ ಕಳುಹಿಸಲಾಗಿತ್ತು, ಸಾವಿರಾರು ಜೀವಗಳು ಉಳಿದವು. ಮುನ್ಸೂಚನೆ ಸಾಧ್ಯ ಎಂಬ ಭರವಸೆ ಪ್ರಪಂಚದಲ್ಲೆಲ್ಲ ಹುಟ್ಟಿತು. ಮರುವರ್ಷ, 1976ರ ಜುಲೈ 28ರಂದು, ಅದೇ ದೇಶದ ಟಾಂಗ್‌ಶಾನ್ ನಗರದಲ್ಲಿ ಎಚ್ಚರಿಕೆಯಿಲ್ಲದೆ ಭೂಕಂಪ ಬಂತು. ಅಧಿಕೃತ ಲೆಕ್ಕದಲ್ಲೇ 2 ಲಕ್ಷ 40 ಸಾವಿರಕ್ಕೂ ಹೆಚ್ಚು ಜನ ಸತ್ತರು.

ಅಮೆರಿಕದ ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್ ಎಂಬಲ್ಲಿ 1857ರಿಂದ 1966ರವರೆಗೆ ಸರಾಸರಿ 22 ವರ್ಷಕ್ಕೊಮ್ಮೆ 6ರ ಆಸುಪಾಸಿನ ಭೂಕಂಪ ಆಗುತ್ತಿತ್ತು. ಮುಂದಿನದು 1993ರೊಳಗೆ ಬರುತ್ತದೆ ಎಂದು ವಿಜ್ಞಾನಿಗಳು 1985ರಲ್ಲಿ ಬಹಿರಂಗವಾಗಿ ಹೇಳಿ, ನೆಲದ ತುಂಬಾ ಉಪಕರಣಗಳನ್ನು ಇಟ್ಟು ಕಾದರು. ಅದು ಬಂದದ್ದು 2004ರ ಸೆಪ್ಟೆಂಬರ್ 28ರಂದು. ಅಷ್ಟೊಂದು ಉಪಕರಣಗಳಿದ್ದರೂ ಭೂಕಂಪಕ್ಕೆ ಮೊದಲು ಸ್ಪಷ್ಟವಾದ ಯಾವ ಮುನ್ಸೂಚನೆಯೂ ಸಿಗಲಿಲ್ಲ.

ಗಡುವು ಹೇಳಿ, ಕಾದು, ತಪ್ಪಾದದ್ದನ್ನು ಒಪ್ಪಿಕೊಂಡ ಪರೀಕ್ಷೆ ಇದು. ಹೀಗೆ ಪರೀಕ್ಷೆ ಮಾಡಿದ ಮೇಲೆ ಬಂದ ಇಂದಿನ ಉತ್ತರ: ಎಲ್ಲಿ ಅಪಾಯ ಹೆಚ್ಚು, ಎಲ್ಲಿ ಕಡಿಮೆ ಎಂದು ಹೇಳಬಹುದು. ದಿನ, ಗಂಟೆ ಹೇಳಲಾಗದು. ನಾಸಾ ಭೂಕಂಪದ ದಿನ ಹೇಳುವ ಕೆಲಸವನ್ನು ಮಾಡುವುದೇ ಇಲ್ಲ.

ನಾಳೆ ಯಾರಾದರೂ ಸ್ಥಳ, ಸಮಯ, ತೀವ್ರತೆ ಮೂರನ್ನೂ ಮೊದಲೇ ಪ್ರಕಟಿಸಿ, ಒಂದಲ್ಲ, ಹತ್ತಾರು ಸಲ ಸರಿಯಾಗಿ ಹೇಳಿ, ಸುಳ್ಳಾದ ಎಚ್ಚರಿಕೆಗಳ ಲೆಕ್ಕವನ್ನೂ ಕೊಟ್ಟರೆ ಈ ಕಡತವನ್ನು ನಾವೂ ಸಂತೋಷದಿಂದ ತೆರೆಯುತ್ತೇವೆ. ಫಾರ್ವರ್ಡ್ ಸಂದೇಶದಲ್ಲಿ ಇದು ಯಾವುದೂ ಇರುವುದಿಲ್ಲ. "ಇಂದು ರಾತ್ರಿ" ಎಂಬ ಮಾತು ಯಾವ ದಿನ ಓದಿದರೂ ಅಂದಿಗೇ ಹೊಂದುತ್ತದೆ. "ಇಂದು ರಾತ್ರಿ 12:30ರಿಂದ 3:30ರವರೆಗೆ ಕಾಸ್ಮಿಕ್ ಕಿರಣಗಳು ಹಾಯುತ್ತವೆ, ಮೊಬೈಲ್ ಸ್ವಿಚ್ ಆಫ್ ಮಾಡಿ" ಎಂಬ ಸಂದೇಶವೂ ಇದೇ ಉಪಾಯದಿಂದ ಹತ್ತು ವರ್ಷಕ್ಕೂ ಮೇಲೆ ಬದುಕಿದೆ.

ಸಣ್ಣ ಕಂಪನ ಬಂದಾಗ ಏನು ತಿಳಿಯಬೇಕು?

ಕಷ್ಟದ ಪ್ರಶ್ನೆ ಇದು. ಕಿಲ್ಲಾರಿಯಲ್ಲಿ ದೊಡ್ಡ ಭೂಕಂಪಕ್ಕೆ ಸುಮಾರು ಒಂದು ವರ್ಷ ಮೊದಲು, 1992ರಲ್ಲಿ, ಸಾಲಾಗಿ ಸಣ್ಣ ಕಂಪನಗಳು ಬಂದಿದ್ದವು. ಅಕ್ಟೋಬರ್ 18ರಂದು ಬಂದದ್ದು 4ರ ಆಸುಪಾಸಿನ ತೀವ್ರತೆಯದು. ನಂತರ ಅವು ತಣ್ಣಗಾದವು.

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ 2021ರ ಅಕ್ಟೋಬರ್‌ನಲ್ಲಿ ಇದೇ ರೀತಿ ನೆಲ ಮತ್ತೆ ಮತ್ತೆ ಸದ್ದು ಮಾಡಿ ನಡುಗಿತು. ಅಕ್ಟೋಬರ್ 11ರ ರಾತ್ರಿ ಬಂದ ಕಂಪನ 4.1 ತೀವ್ರತೆಯದು. ಕಿಲ್ಲಾರಿಯ ನೆನಪಿದ್ದವರು ಹೆದರಿದರು, ಎಷ್ಟೋ ಕುಟುಂಬಗಳು ಊರು ಬಿಟ್ಟವು. ಪರಿಶೀಲಿಸಿದ ತಜ್ಞರು, ಭಾರೀ ಮಳೆಯ ನೀರು ಬಂಡೆಯ ಸಂದುಗಳಿಗೆ ಇಳಿದು ಒತ್ತಡ ಬದಲಾಗಿ ಆಗುವ ಕಂಪನಗಳಿವು ಎಂದರು. ದೊಡ್ಡ ಭೂಕಂಪ ಬರಲಿಲ್ಲ.

ತೀವ್ರತೆಯ ಲೆಕ್ಕ ಗೊತ್ತಿದ್ದರೆ ಈ ಎರಡರ ಅಂತರ ತಿಳಿಯುತ್ತದೆ. ತೀವ್ರತೆಯಲ್ಲಿ 1 ಅಂಕ ಹೆಚ್ಚಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. 6.2ರ ಭೂಕಂಪ 4.1ರ ಕಂಪನಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಶಕ್ತಿಯುಳ್ಳದ್ದು.

ಎರಡೂ ಕಡೆ ಆರಂಭ ಒಂದೇ, ಕೊನೆ ಮಾತ್ರ ಬೇರೆ. ಸಣ್ಣ ಕಂಪನಗಳ ಸರಣಿಗಳಲ್ಲಿ ಬಹುಪಾಲು ತಾವಾಗಿಯೇ ನಿಲ್ಲುತ್ತವೆ, ಅಪರೂಪಕ್ಕೆ ಒಂದು ಮಾತ್ರ ದೊಡ್ಡದಕ್ಕೆ ದಾರಿಯಾಗುತ್ತದೆ. ಯಾವುದು ಯಾವ ಬಗೆಯದು ಎಂದು ಮೊದಲೇ ತಿಳಿಯುವ ಮಾರ್ಗ ಇಂದಿಗೂ ಇಲ್ಲ. ಆದ್ದರಿಂದ "ನಾಳೆ ದೊಡ್ಡದು ಬಂದೇ ಬರುತ್ತದೆ" ಎನ್ನುವುದು ತಪ್ಪು, "ಏನೂ ಆಗುವುದಿಲ್ಲ, ನಿಶ್ಚಿಂತೆಯಿಂದ ಮಲಗಿ" ಎನ್ನುವುದೂ ತಪ್ಪು.

ಎರಡನೆಯ ತಪ್ಪಿನ ಬೆಲೆ ಏನೆಂದು ಇಟಲಿಯ ಲಾಕ್ವಿಲಾ ಊರಿಗೆ ಗೊತ್ತು. 2009ರಲ್ಲಿ ಅಲ್ಲಿ ತಿಂಗಳುಗಟ್ಟಲೆ ಸಣ್ಣ ಕಂಪನಗಳು ಬರುತ್ತಿದ್ದವು. ಒಬ್ಬ ಪ್ರಯೋಗಾಲಯ ತಂತ್ರಜ್ಞ ದೊಡ್ಡ ಭೂಕಂಪ ಬರುತ್ತದೆ ಎಂದು ಹೇಳಿ, ಬೇರೊಂದು ಊರಿನಲ್ಲಿ ಗಾಬರಿ ಹುಟ್ಟಿಸಿದ್ದ, ಅಲ್ಲಿ ಏನೂ ಆಗಲಿಲ್ಲ. ಆ ಗಾಬರಿ ತಣಿಸಲು ಅಧಿಕಾರಿಗಳ ಕಡೆಯಿಂದ "ಚಿಂತೆ ಬೇಡ" ಎಂಬ ಅರ್ಥದ ಮಾತು ಬಂತು. ಏಪ್ರಿಲ್ 6ರ ನಸುಕಿನಲ್ಲಿ ಲಾಕ್ವಿಲಾದಲ್ಲೇ ಭೂಕಂಪವಾಗಿ 300ಕ್ಕೂ ಹೆಚ್ಚು ಜನ ಸತ್ತರು. ಆರು ವಿಜ್ಞಾನಿಗಳು ಮತ್ತು ಒಬ್ಬ ಅಧಿಕಾರಿಗೆ 2012ರಲ್ಲಿ ಶಿಕ್ಷೆಯಾಯಿತು. 2014ರಲ್ಲಿ ಮೇಲ್ಮನವಿಯಲ್ಲಿ ವಿಜ್ಞಾನಿಗಳು ಖುಲಾಸೆಯಾದರು. ಸುಳ್ಳು ಸಂದೇಶವನ್ನು ಅಲ್ಲಗಳೆಯುವ ಭರದಲ್ಲಿ, ಆಧಾರವಿಲ್ಲದ ಭರವಸೆ ಕೊಡಬಾರದು. ಈ ಎಚ್ಚರಿಕೆ ನಮ್ಮಂತಹ ಲೇಖನ ಬರೆಯುವವರಿಗೂ ಸಲ್ಲುತ್ತದೆ.

ತೆರೆಯಬೇಕೇ, ಬೇಡವೇ? ನಾಲ್ಕು ಪರೀಕ್ಷೆಗಳು

ಭೂಕಂಪವಿರಲಿ, ಲಸಿಕೆಯಿರಲಿ, ಆಹಾರದ ವಿಷಯವಿರಲಿ, "ಇದು ಹಿಂದೆಯೇ ಸುಳ್ಳೆಂದು ತೀರ್ಮಾನವಾದದ್ದು" ಎಂಬ ಹೇಳಿಕೆ ಮತ್ತೆ ಬಂದಾಗ ಈ ನಾಲ್ಕನ್ನು ಕೇಳಿಕೊಳ್ಳಿ.

1. ಪ್ರಶ್ನೆ ಹಳೆಯದೇ, ಬೇರೆಯೇ? ಎರಡು ಪ್ರಶ್ನೆಗಳು ಒಂದರಂತೆ ಕಾಣಬಹುದು. "ಇಲ್ಲಿ ಆಗಬಹುದೇ" ಮತ್ತು "ಇಂದು ಆಗುತ್ತದೆಯೇ" ಬೇರೆ ಬೇರೆ. ಬೇರೆ ಪ್ರಶ್ನೆಯಾದರೆ ಹಳೆಯ ಉತ್ತರವನ್ನು ಅದಕ್ಕೆ ಅಂಟಿಸಬೇಡಿ.

2. ಹೊಸದಾಗಿ ಏನು ಬಂದಿದೆ? ಹೊಸ ಅಳತೆ, ಹೊಸ ಅಧ್ಯಯನ, ಕಣ್ಣಿಗೆ ಕಂಡ ಹೊಸ ಘಟನೆ ಲೆಕ್ಕಕ್ಕೆ ಬರುತ್ತವೆ. ಹೊಸ ದಿನಾಂಕ, ಹೊಸ ವಿಡಿಯೊ, ದೊಡ್ಡವರ ಹೆಸರು, ಹೆಚ್ಚು ಫಾರ್ವರ್ಡ್ ಲೆಕ್ಕಕ್ಕೆ ಬರುವುದಿಲ್ಲ.

3. ಅದು ಹಳೆಯ ಉತ್ತರದ ಬುಡವನ್ನು ಮುಟ್ಟುತ್ತದೆಯೇ? ದಖ್ಖನ್ ಬಗೆಗಿನ ಹಳೆಯ ಉತ್ತರ "ದಾಖಲೆ ಇಲ್ಲ" ಎಂಬುದರ ಮೇಲೆ ನಿಂತಿತ್ತು. ಕಿಲ್ಲಾರಿ ನೇರವಾಗಿ ಆ ಬುಡವನ್ನೇ ಕಿತ್ತಿತು. ಬುಡವನ್ನು ಮುಟ್ಟದ ಹೊಸ ಸಂಗತಿ ಕುತೂಹಲಕರವಾಗಿರಬಹುದು, ಉತ್ತರ ಬದಲಿಸಲು ಸಾಲದು.

4. ತಪ್ಪಾದರೆ ನಷ್ಟ ಯಾರಿಗೆ, ಎಷ್ಟು? ಪ್ರಾಣಕ್ಕೆ ಕುತ್ತು ತರಬಹುದಾದ ವಿಷಯದಲ್ಲಿ ಸ್ವಲ್ಪ ಹೊಸ ಆಧಾರ ಸಿಕ್ಕರೂ ಮರುಪರಿಶೀಲನೆ ಶುರುವಾಗಬೇಕು. ಆದರೆ ಪ್ರಶ್ನೆ ತೆರೆದಿದೆ ಎಂದ ಮಾತ್ರಕ್ಕೆ ಉತ್ತರ ಬದಲಾಯಿತು ಎಂದಲ್ಲ. ತೆರೆದು ನೋಡಿ ಅದೇ ಉತ್ತರಕ್ಕೆ ಮರಳಬಹುದು.

ಆರೋಗ್ಯದ ವಿಷಯದಲ್ಲೂ ಇದೇ ನಿಯಮ

ಈ ಪರೀಕ್ಷೆಗಳು ಭೂಕಂಪಕ್ಕೆ ಮಾತ್ರವಲ್ಲ. ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಅದೇ ತಿಂಗಳ 28ರಂದು ವಿಶ್ವ ಆರೋಗ್ಯ ಸಂಸ್ಥೆ "ಕೋವಿಡ್ ಗಾಳಿಯಿಂದ ಹರಡುವ ರೋಗವಲ್ಲ" ಎಂದು ಖಚಿತವಾಗಿ ಪ್ರಕಟಿಸಿತು. ಅದನ್ನು ನಂಬಿ ಎಷ್ಟೋ ಫ್ಯಾಕ್ಟ್ ಚೆಕ್‌ಗಳು ಬಂದವು. ಮುಚ್ಚಿದ ಕೋಣೆಗಳಲ್ಲಿ ದೂರ ಕುಳಿತವರಿಗೂ ಸೋಂಕು ತಗುಲಿದ ಪ್ರಕರಣಗಳನ್ನು ಮುಂದಿಟ್ಟು ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದರು. ಸಂಸ್ಥೆ ಹಂತಹಂತವಾಗಿ ತನ್ನ ಮಾತನ್ನು ಬದಲಿಸಿ, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಂದಲೂ ಹರಡುತ್ತದೆ ಎಂದು ಒಪ್ಪಿಕೊಂಡಿತು. ಹೊಸ ಆಧಾರ ಹಳೆಯ ಉತ್ತರದ ಬುಡವನ್ನು ಮುಟ್ಟಿತ್ತು. ಪ್ರಶ್ನೆಯನ್ನು ತೆರೆದದ್ದು ಸರಿ.

ಇನ್ನೊಂದು ಬದಿಯ ಉದಾಹರಣೆ ದಡಾರ ಸೇರಿದ ಎಂಎಂಆರ್ ಲಸಿಕೆ. ಅದರಿಂದ ಮಕ್ಕಳಿಗೆ ಆಟಿಸಂ ಬರುತ್ತದೆ ಎಂಬ ಭಯ ಹುಟ್ಟಿದ್ದು 1998ರಲ್ಲಿ, ಕೇವಲ 12 ಮಕ್ಕಳ ಬಗ್ಗೆ ಬಂದ ಒಂದು ಲೇಖನದಿಂದ. ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಆ ಲೇಖನವನ್ನು ಹಿಂಪಡೆಯಿತು. ಆದರೂ ಮಕ್ಕಳ ಆರೋಗ್ಯದ ವಿಷಯವಾದ್ದರಿಂದ ಪ್ರಶ್ನೆಯನ್ನು ಮತ್ತೆ ಮತ್ತೆ ಪರೀಕ್ಷಿಸಲಾಯಿತು. 2019ರಲ್ಲಿ ಡೆನ್ಮಾರ್ಕ್‌ನ 6 ಲಕ್ಷ 57 ಸಾವಿರ ಮಕ್ಕಳ ಅಧ್ಯಯನ ಬಂತು, ಲಸಿಕೆಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ. ಇಂದು ಅದೇ 1998ರ ಮಾತು ಹೊಸ ವಿಡಿಯೊದಲ್ಲಿ ಬಂದರೆ ತೆರೆಯಲು ಕಾರಣವಿಲ್ಲ.

ದಿನಾಂಕ ಗೊತ್ತಿಲ್ಲ, ಆದರೆ ಮನೆ ಗೊತ್ತಿದೆ

ಕಿಲ್ಲಾರಿಯ 6.2 ಭೂಕಂಪದಲ್ಲಿ ಸುಮಾರು 10 ಸಾವಿರ ಜನ ಸತ್ತರು. ಪಾರ್ಕ್‌ಫೀಲ್ಡ್‌ನ 6.0 ಭೂಕಂಪದಲ್ಲಿ ಒಬ್ಬರೂ ಸಾಯಲಿಲ್ಲ. ಪಾರ್ಕ್‌ಫೀಲ್ಡ್‌ನಲ್ಲಿ ಜನವಸತಿ ಬಹಳ ಕಡಿಮೆ ಎಂಬುದು ನಿಜ. ಆದರೂ ಕಿಲ್ಲಾರಿಯಲ್ಲಿ ಕೊಂದದ್ದು ನೆಲದ ನಡುಕವಲ್ಲ, ಮಲಗಿದವರ ಮೇಲೆ ಬಿದ್ದ ಗೋಡೆ ಮತ್ತು ಮಾಳಿಗೆಯ ಮಣ್ಣು.

ದಪ್ಪ ಕಲ್ಲಿನ ಗೋಡೆ ನೋಡಲು ಗಟ್ಟಿ. ಆದರೆ ಹೆಚ್ಚಿನ ಹಳೆಯ ಗೋಡೆಗಳಲ್ಲಿ ಹೊರಗೊಂದು, ಒಳಗೊಂದು ಕಲ್ಲಿನ ಪದರ, ನಡುವೆ ಮಣ್ಣು ಮತ್ತು ಚೂರುಕಲ್ಲು ಇರುತ್ತದೆ. ನಡುಗಿದಾಗ ಎರಡು ಪದರಗಳೂ ಬೇರೆಯಾಗಿ ಕುಸಿಯುತ್ತವೆ. ಮೇಲಿನ ಮಾಳಿಗೆಯ ಟನ್‌ಗಟ್ಟಲೆ ಮಣ್ಣು ಕೆಳಗಿಳಿಯುತ್ತದೆ.

ನಿಮ್ಮ ಮನೆಯಲ್ಲಿ ಇವನ್ನು ನೋಡಿ:

- ಮಾಳಿಗೆ ಸೋರದಂತೆ ವರ್ಷವರ್ಷವೂ ಹೊಸ ಮಣ್ಣು ಹಾಕುವುದು ವಾಡಿಕೆ. ಇದರಿಂದ ಭಾರ ಹೆಚ್ಚುತ್ತಾ ಹೋಗುತ್ತದೆ. ಹೊಸದು ಹಾಕುವ ಮೊದಲು ಹಳೆಯ ಹೆಚ್ಚುವರಿ ಮಣ್ಣನ್ನು ತೆಗೆಯಿರಿ.
- ಗೋಡೆ ಹೊಟ್ಟೆಯಂತೆ ಉಬ್ಬಿದ್ದರೆ ಪದರಗಳು ಬೇರೆಯಾಗುತ್ತಿವೆ ಎಂದರ್ಥ. ಅಂತಹ ಗೋಡೆಯ ಪಕ್ಕ ಮಕ್ಕಳನ್ನು, ವೃದ್ಧರನ್ನು ಮಲಗಿಸಬೇಡಿ. ಎಂಜಿನಿಯರ್‌ಗೆ ತೋರಿಸಿ ದುರಸ್ತಿ ಮಾಡಿಸಿ.
- ಹೊಸ ಕಲ್ಲಿನ ಗೋಡೆ ಕಟ್ಟುವಾಗ ಒಳ, ಹೊರ ಪದರಗಳನ್ನು ಬೆಸೆಯುವ ಉದ್ದ ಕಲ್ಲುಗಳನ್ನು ಇಡಿಸಿ: ಪ್ರತಿ 2 ಅಡಿ ಎತ್ತರಕ್ಕೆ ಒಂದು ಸಾಲು, ಸಾಲಿನಲ್ಲಿ 4 ಅಡಿಗಿಂತ ಹೆಚ್ಚು ಅಂತರ ಬೇಡ.
- ಬಾಗಿಲು, ಕಿಟಕಿಯ ಮೇಲ್ಮಟ್ಟದಲ್ಲಿ ಎಲ್ಲಾ ಗೋಡೆಗಳನ್ನೂ ಸುತ್ತುವ ಕಾಂಕ್ರೀಟ್ ಪಟ್ಟಿ ಹಾಕಿಸಿ. ಬುಟ್ಟಿಯ ಅಂಚಿನ ಕಟ್ಟಿನಂತೆ ಅದು ಗೋಡೆಗಳನ್ನು ಒಟ್ಟಿಗೆ ಹಿಡಿಯುತ್ತದೆ.
- ಹಳೆಯ ಮಣ್ಣುಗಾರೆಯ ಗೋಡೆಯ ಮೇಲೆ ನೇರವಾಗಿ ಭಾರದ ಸ್ಲ್ಯಾಬ್ ಹಾಕಿಸಬೇಡಿ. ಮೇಲ್ಭಾಗ ಗಟ್ಟಿಯಾಗಿ ಬುಡ ದುರ್ಬಲವಾಗಿದ್ದರೆ ಅಪಾಯ ಹೆಚ್ಚುತ್ತದೆ.
- ಬಾಗಿಲಿನ ದಾರಿಯಲ್ಲಿ ಚೀಲ, ಕಪಾಟು ಇಡಬೇಡಿ.

ಕಂಪನ ನಿಜವಾಗಿಯೂ ಆಗಿದೆಯೇ ಎಂದು ತಿಳಿಯಲು ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರದ ಜಾಲತಾಣ ಅಥವಾ ಅದರ "ಭೂಕಂಪ್" ಆ್ಯಪ್ ನೋಡಿ. ಆದ ಕಂಪನದ ಸಮಯ, ಸ್ಥಳ, ತೀವ್ರತೆ ಅಲ್ಲಿ ಸಿಗುತ್ತದೆ, ಆಗಲಿರುವುದು ಸಿಗುವುದಿಲ್ಲ. ಕಂಪನದಿಂದ ಗೋಡೆ ಬಿರುಕು ಬಿಟ್ಟಿದ್ದರೆ ಆ ಮನೆಯೊಳಗೆ ಮಲಗಬೇಡಿ, ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ತಿಳಿಸಿ. ಇದು ಯಾರೋ ಕಳುಹಿಸಿದ ಸಂದೇಶಕ್ಕೆ ಹೆದರಿ ಹೊರಗೆ ಮಲಗುವುದಲ್ಲ, ಕಣ್ಣೆದುರಿನ ಬಿರುಕಿಗೆ ತೋರುವ ಎಚ್ಚರ.

ಕೊನೆಯ ಮಾತು

"ನಿಮ್ಮವರು ಕಿಲ್ಲಾರಿಯಲ್ಲಿ ತಪ್ಪಿದ್ದರಲ್ಲ?" ಎಂದು ಕೇಳುವವರಿಗೆ ನಮ್ಮ ಉತ್ತರ: ಹೌದು, ತಪ್ಪಿದ್ದರು. ಆ ತಪ್ಪನ್ನು ತಿದ್ದಿದ್ದು ನೆಲ ಕೊರೆದು, ಅಳೆದು, ನಕ್ಷೆ ಬದಲಿಸಿದ ಕೆಲಸ. ಫಾರ್ವರ್ಡ್ ಸಂದೇಶದಿಂದ ಒಂದು ವಲಯವೂ ಬದಲಾಗಲಿಲ್ಲ, ಒಂದು ಗೋಡೆಯೂ ಗಟ್ಟಿಯಾಗಲಿಲ್ಲ.

ಮುಂದಿನ ಸಲ "ಇಂದು ರಾತ್ರಿ ಭೂಕಂಪ" ಎಂಬ ಸಂದೇಶ ಬಂದಾಗ ಅದನ್ನು ಮುಂದೆ ಕಳುಹಿಸಬೇಡಿ. ಏನಾದರೂ ಕಳುಹಿಸಲೇಬೇಕು ಎನಿಸಿದರೆ ಮೇಲಿನ ಮನೆಯ ಪಟ್ಟಿಯನ್ನು ಕಳುಹಿಸಿ. ಅದಕ್ಕೆ ದಿನಾಂಕ ಬೇಕಿಲ್ಲ, ಯಾವ ದಿನ ಓದಿದರೂ ಉಪಯೋಗಕ್ಕೆ ಬರುತ್ತದೆ.